ಏಟು ತಿಂದ ಸ್ನೋಬೋರ್ಡ್‌ಗೆ ಮನೆಯಲ್ಲೇ ರಿಪೇರಿ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಟಾಹೋ ಸರೋವರದ ಸುತ್ತಿನ ಸ್ಕೀ ಬೆಟ್ಟಗಳು ನವೆಂಬರ್ ಕೊನೆಗೆ ಶುರುವಾಗುವಾಗ ಹಿಮ ಇನ್ನೂ ತೆಳ್ಳಗಿರುತ್ತದೆ. ಅದರ ಕೆಳಗೇ ಸಿಯೆರಾ ನೆವಾಡಾದ ಗ್ರಾನೈಟ್. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಿಂದ ಬೆಳಗಿನ ಜಾವ ಹೊರಟು ಮೂರ್ನಾಲ್ಕು ಗಂಟೆ ಕಾರು ಓಡಿಸುವ ಕನ್ನಡದವರಿಗೂ, ಸ್ವಂತ ಸ್ನೋಬೋರ್ಡ್ (ಎರಡೂ ಕಾಲು ಬಿಗಿದು ಹಿಮದ ಮೇಲೆ ಜಾರುವ ಹಲಗೆ) ಹೊತ್ತುಕೊಂಡು ಬೆಂಗಳೂರಿನಿಂದ ಕಾಶ್ಮೀರದ ಗುಲ್ಮಾರ್ಗ್‌ಗೆ ಹೋಗುವ ಕೆಲವರಿಗೂ ಸಂಜೆ ಬೋರ್ಡ್ ತಿರುಗಿಸಿ ನೋಡಿದಾಗ ಬರುವ ಪ್ರಶ್ನೆ ಒಂದೇ. ಇದನ್ನು ನಾನೇ ಸರಿ ಮಾಡಬಹುದಾ, ಇಲ್ಲ ಅಂಗಡಿಗೆ ಕೊಡಬೇಕಾ?

ಹೆಚ್ಚಿನವು ಮನೆಯಲ್ಲೇ ಆಗುತ್ತವೆ. ನೋಡಬೇಕಾದ್ದು ಎರಡೇ: ಏಟು ಎಷ್ಟು ಆಳಕ್ಕೆ ಇಳಿದಿದೆ, ಉಕ್ಕಿನ ಅಂಚಿಗೆ ಎಷ್ಟು ಹತ್ತಿರ ಇದೆ. ಗೀರು ಎಷ್ಟು ಉದ್ದ ಅನ್ನೋದು ಅಷ್ಟಾಗಿ ಲೆಕ್ಕಕ್ಕಿಲ್ಲ. ಎರಡಡಿ ಉದ್ದದ ಗೀರಿಗಿಂತ ಅಂಚಿನ ಪಕ್ಕದ ಹುಣಸೆಬೀಜದಷ್ಟು ಸಣ್ಣ ಗುಂಡಿಯೇ ಬೋರ್ಡನ್ನು ಬೇಗ ಹಾಳು ಮಾಡುತ್ತದೆ.

ಬೋರ್ಡ್ ಒಳಗೆ ಏನೇನಿರುತ್ತದೆ?

ಚಿರೋಟಿಯ ಹಾಗೆ ಪದರ ಪದರ. ನಡುವೆ ಮರ. ಸಾಮಾನ್ಯವಾಗಿ ಪಾಪ್ಲರ್, ಆಸ್ಪೆನ್, ಪೌಲೋನಿಯಾದಂಥ ಹಗುರ ಮರ, ಕೆಲವದರಲ್ಲಿ ಬಿದಿರೂ ಇರುತ್ತದೆ. ಅದರ ಮೇಲೊಂದು, ಕೆಳಗೊಂದು ಫೈಬರ್‌ಗ್ಲಾಸ್ ಪದರ. ಎಲ್ಲವನ್ನೂ ಹಿಡಿದಿಡುವುದು ಎಪಾಕ್ಸಿ ಅಂಟು. ಮೇಲೆ ಚಿತ್ರ ಇರುವ ತೆಳು ಟಾಪ್‌ಶೀಟ್, ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಸೈಡ್‌ವಾಲ್, ಕೆಳಗೆ ಪಾಲಿಎಥಿಲೀನ್ ಬೇಸ್. ಬೇಸ್ ಸುತ್ತ ಉಕ್ಕಿನ ಎಡ್ಜ್. ಬೇಸ್‌ನ ದಪ್ಪ ಒಂದೂಕಾಲು ಒಂದೂವರೆ ಮಿಲಿಮೀಟರ್ ಇದ್ದರೆ ಹೆಚ್ಚು. ಮರದ ಮೈಗೆ ನೀರು ತಾಗದ ಹಾಗೆ ಕಾಯುವುದು ಇಷ್ಟೇ ದಪ್ಪ.

ನೀರು ಒಳಗೆ ಹೋದರೆ ಏನಾಗುತ್ತದೆ?

ಮರ ನೀರು ಕುಡಿದು ಊದುತ್ತದೆ. ರಾತ್ರಿ ಕಾರಿನಲ್ಲೋ ಬಾಲ್ಕನಿಯಲ್ಲೋ ಬಿಟ್ಟರೆ ಆ ನೀರು ಹೆಪ್ಪುಗಟ್ಟಿ ಇನ್ನಷ್ಟು ಹಿಗ್ಗುತ್ತದೆ, ಪದರಗಳನ್ನು ಒಳಗಿಂದ ತಳ್ಳುತ್ತದೆ. ಎಡ್ಜ್‌ನ ಬೇರಿಗೆ ತುಕ್ಕು ಹಿಡಿಯುತ್ತದೆ. ಆಮೇಲೆ ಮರ ಕೊಳೆಯುತ್ತದೆ. ಅದಕ್ಕೇ ಮರ ಕಾಣುವ ಗಾಯ ಆದ ದಿನವೇ ಬೋರ್ಡನ್ನು ಒಳಗೆ ತಂದು ಒಣಗಿಸಬೇಕು. ರಿಪೇರಿ ಮುಂದಿನ ವಾರ ಮಾಡಿದರೂ ನಡೆಯುತ್ತದೆ, ಒಣಗಿಸೋದು ಮಾತ್ರ ಅವತ್ತೇ.

ಎಷ್ಟು ಆಳ ಅಂತ ಗೊತ್ತಾಗೋದು ಹೇಗೆ?

ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಒಳ್ಳೆ ಬೆಳಕಿನಲ್ಲಿ ನೋಡಿ. ಗೀರಿಗೆ ಅಡ್ಡವಾಗಿ ಉಗುರು ಎಳೆಯಿರಿ. ಉಗುರು ಸಲೀಸಾಗಿ ಜಾರಿದರೆ ಏನೂ ಮಾಡಬೇಡಿ, ವ್ಯಾಕ್ಸ್ (ಬೇಸ್‌ಗೆ ಹಚ್ಚುವ ಮೇಣ) ಹಾಕಿದರೆ ಮುಗಿಯಿತು. ಉಗುರು ಸಿಕ್ಕಿಕೊಂಡರೆ, ಆದರೆ ಗುಂಡಿಯ ತಳದಲ್ಲೂ ಬೇಸ್‌ನ ಬಣ್ಣವೇ ಕಂಡರೆ, ಪಿ-ಟೆಕ್ಸ್ ಅನ್ನುವ ಪ್ಲಾಸ್ಟಿಕ್ ತುಂಬಬೇಕು. ತಳದಲ್ಲಿ ಬಟ್ಟೆಯ ನೇಯ್ಗೆಯ ಥರ ಫೈಬರ್‌ಗ್ಲಾಸೋ, ಹಳದಿ ಮರವೋ ಕಂಡರೆ ಅದಕ್ಕೆ ಕೋರ್ ಶಾಟ್ ಅನ್ನುತ್ತಾರೆ. ಅದರ ಮದ್ದು ಬೇರೆ. ಮರ ಕಪ್ಪಾಗಿ ಕಂಡರೆ ನೀರು ಆಗಲೇ ಒಳಗೆ ಹೋಗಿದೆ ಅಂತ ತಿಳಿಯಿರಿ.

ರಿಪೇರಿಗೆ ಮುಂಚೆ ಏನು ತಯಾರಿ?

ಒಣಗಬೇಕು, ಶುಚಿ ಆಗಬೇಕು, ಮನೆಯೊಳಗಿನ ಬಿಸಿಗೆ ಬರಬೇಕು. ಕೋರ್ ಶಾಟ್ ಆಗಿದ್ದರೆ ಫ್ಯಾನ್ ಕೆಳಗೆ ಒಂದೆರಡು ದಿನ ಮಲಗಿಸಿ. ಹೀಟರ್‌ಗೆ ಒರಗಿಸಬೇಡಿ. ಹಳೆ ವ್ಯಾಕ್ಸ್ ಇರುವ ಕಡೆ ಯಾವುದೂ ಅಂಟುವುದಿಲ್ಲ, ಹಾಗಾಗಿ ಗಾಯದ ಸುತ್ತ ಬೇಸ್ ಕ್ಲೀನರ್ ಹಾಕಿ ಒರೆಸಿ. ಐಸೊಪ್ರೊಪೈಲ್ ಆಲ್ಕೋಹಾಲ್ ಜಿಡ್ಡು, ಕೊಳೆ ತೆಗೆಯುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನ್ ಮಾತ್ರ ಬೇಡ. ಸುಮಾರು ಬೋರ್ಡ್‌ಗಳ ಸೈಡ್‌ವಾಲ್ ಎಬಿಎಸ್ ಪ್ಲಾಸ್ಟಿಕ್ಕಿನದು, ಅಸಿಟೋನ್ ಅದನ್ನು ಕರಗಿಸಿಬಿಡುತ್ತದೆ.

ಪಿ-ಟೆಕ್ಸ್ ಕಡ್ಡಿಗೆ ಬೆಂಕಿ ಹಚ್ಚುವ ಮುನ್ನ ಆಲ್ಕೋಹಾಲ್ ಪೂರ್ತಿ ಆರಿರಬೇಕು, ಬಾಟಲಿ ಬೇರೆ ಕೋಣೆಯಲ್ಲಿರಬೇಕು. ಹೇಳೋದು ಬೇಕಿಲ್ಲ ಅನಿಸಬಹುದು. ಆದರೂ ಹೇಳಬೇಕು.

ಪಿ-ಟೆಕ್ಸ್ ಅಂದರೆ ಏನು?

ಬೇಸ್‌ಗೆ ಬಳಸುವ ಪಾಲಿಎಥಿಲೀನ್‌ನ ಒಂದು ಬ್ರ್ಯಾಂಡ್ ಹೆಸರು. ಈಗ ಎಲ್ಲರೂ ಬೇಸ್ ತುಂಬುವ ಪ್ಲಾಸ್ಟಿಕ್ ಕಡ್ಡಿಗೇ ಹಾಗನ್ನುತ್ತಾರೆ. ಪೆನ್ಸಿಲ್ ಗಾತ್ರದ ಕಡ್ಡಿ, ಕಪ್ಪು ಅಥವಾ ಬಣ್ಣವಿಲ್ಲದ್ದು. ಬೇಸ್ ಕಪ್ಪಾಗಿದ್ದರೆ ಕಪ್ಪು ತಗೊಳ್ಳಿ, ಬಣ್ಣದ್ದಾಗಿದ್ದರೆ ಬಣ್ಣವಿಲ್ಲದ್ದು. ಕೆಂಪು ಬೇಸ್‌ಗೆ ಕೆಂಪು ಕಡ್ಡಿ ಹುಡುಕಿಕೊಂಡು ಅಲೆಯುವುದು ಸುಮ್ನೆ ಕೆಲಸ. ಹಿಮದ ಮೇಲೆ ಹೋಗುವಾಗ ಅದನ್ನು ಯಾರೂ ನೋಡೋದಿಲ್ಲ.

ಕಡ್ಡಿ ಹಚ್ಚಿ ತುಂಬುವುದು ಹೇಗೆ?

ಇದು ನಿಜವಾಗಿ ಕೈಗೆ ಕೂರಬೇಕಾದ ಕೆಲಸ. ನಿಧಾನಕ್ಕೆ ಓದಿ.

ಬೋರ್ಡನ್ನು ಬೇಸ್ ಮೇಲಾಗಿ, ಅಲುಗಾಡದಂತೆ, ಮಟ್ಟಸವಾಗಿ ಇಡಿ. ಗುಂಡಿಯ ಅಂಚಿನಲ್ಲಿ ಎದ್ದು ನಿಂತ ಪ್ಲಾಸ್ಟಿಕ್ ಎಳೆಗಳನ್ನು ಬ್ಲೇಡಿನಲ್ಲಿ ಕೊಯ್ದು ತೆಗೆಯಿರಿ. ಎಡಗೈಯಲ್ಲಿ ಉಕ್ಕಿನ ಸ್ಕ್ರೇಪರ್, ಬಲಗೈಯಲ್ಲಿ ಕಡ್ಡಿ. ಕಡ್ಡಿಯ ತುದಿಗೆ ಲೈಟರ್ ಹಿಡಿದರೆ ಹತ್ತಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಹತ್ತಿದ ತಕ್ಷಣ ಗುಂಡಿಗೆ ತೊಟ್ಟಿಕ್ಕಿಸಬೇಡಿ. ಮೊದಲ ಹನಿಗಳೆಲ್ಲ ಕಪ್ಪು ಮಸಿ. ಅವು ಸ್ಕ್ರೇಪರ್ ಮೇಲೆ ಬೀಳಲಿ.

ಈಗ ಜ್ವಾಲೆ ನೋಡಿ. ದೊಡ್ಡದಾಗಿ ಹಳದಿಗೆ ಉರಿಯುತ್ತಿದ್ದರೆ ಮಸಿ ಬರುತ್ತದೆ. ಕಡ್ಡಿಯ ತುದಿಯನ್ನು ಸ್ಕ್ರೇಪರ್‌ಗೆ ತಾಗುವಷ್ಟು ಹತ್ತಿರ ತಂದು ಮೆಲ್ಲಗೆ ತಿರುಗಿಸುತ್ತಿರಿ. ಲೋಹ ಶಾಖ ಎಳೆದುಕೊಳ್ಳುತ್ತದೆ, ಜ್ವಾಲೆ ಕುಗ್ಗಿ ನೀಲಿಯಾಗುತ್ತದೆ, ಹನಿ ತಿಳಿಯಾಗುತ್ತದೆ. ಆಗ ಸ್ಕ್ರೇಪರ್‌ನಿಂದ ಗುಂಡಿಗೆ ಸರಿಸಿ, ಬೇಸ್‌ಗೆ ಒಂದು ಬೆರಳಿನಷ್ಟು ಮೇಲೆ ಹಿಡಿದು ಗೀರಿನುದ್ದಕ್ಕೂ ಹೋಗಿ. ಜ್ವಾಲೆ ಮತ್ತೆ ಹಳದಿಯಾಯಿತೋ, ಮತ್ತೆ ಸ್ಕ್ರೇಪರ್ ಮೇಲೆ.

ಆಳದ ಗುಂಡಿಯನ್ನು ಒಂದೇ ಸಲ ತುಂಬಬೇಡಿ. ಒಂದು ಪದರ ಹಾಕಿ, ಅದು ಗಟ್ಟಿಯಾದ ಮೇಲೆ ಇನ್ನೊಂದು. ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆ, ಅದಕ್ಕೆ ಬೇಸ್‌ಗಿಂತ ಸ್ವಲ್ಪ ಉಬ್ಬುವಷ್ಟು ಜಾಸ್ತಿಯೇ ಹಾಕಿ. ಅರ್ಧ ಗಂಟೆ ಮುಟ್ಟಬೇಡಿ. ಬೇಗ ಆರಲಿ ಅಂತ ಹೊರಗೆ ಹಿಮದಲ್ಲಿಟ್ಟರೆ ಕುಗ್ಗಿ ಬಿಟ್ಟುಕೊಳ್ಳುತ್ತದೆ.

ಆಮೇಲೆ ಉಕ್ಕಿನ ಸ್ಕ್ರೇಪರನ್ನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ವಾರೆ ಮಾಡಿ, ಉಬ್ಬಿನ ಮೇಲೆ ಹಗುರಕ್ಕೆ ಎಳೆಯಿರಿ. ತೆಳು ಸುರುಳಿಗಳು ಎದ್ದು ಬರಬೇಕು. ಒಂದೇ ಏಟಿಗೆ ಕೀಳಲು ಹೋದರೆ ತುಂಬಿದ್ದೆಲ್ಲ ಕಿತ್ತು ಬರುತ್ತದೆ. ಮಟ್ಟ ಆದ ಮೇಲೆ 150, ಆಮೇಲೆ 220 ನಂಬರಿನ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಮೂತಿಯಿಂದ ಬಾಲದ ಕಡೆಗೆ ಉಜ್ಜಿ.

ಒಳಗೆ ಮಸಿ ಸೇರಿಕೊಂಡಿದೆ. ತೊಂದರೆ ಇದೆಯಾ?

ಒಂದೆರಡು ಚುಕ್ಕೆ ಇದ್ದರೆ ಪರವಾಗಿಲ್ಲ. ಪೂರ್ತಿ ಕಪ್ಪು ಗೆರೆಯಾಗಿದ್ದರೆ ಅಲ್ಲಿ ಹಿಡಿತ ಕಡಿಮೆ, ನಾಲ್ಕು ದಿನಕ್ಕೆ ಉದುರುತ್ತದೆ. ಬ್ಲೇಡಿನಲ್ಲಿ ಕೆರೆದು ತೆಗೆದು ಮತ್ತೆ ತುಂಬಿ. ಕಪ್ಪು ಬೇಸ್‌ನಲ್ಲಿ ಮಸಿ ಕಣ್ಣಿಗೆ ಬೀಳುವುದಿಲ್ಲ, ಅಲ್ಲಿ ಜ್ವಾಲೆಯ ಬಣ್ಣವನ್ನೇ ನಂಬಬೇಕು.

ಅಪಾರ್ಟ್‌ಮೆಂಟಿನಲ್ಲಿ ಮಾಡಬಹುದಾ?

ಗ್ಯಾರೇಜ್ ಇದ್ದರೆ ಒಳ್ಳೆಯದು, ಬಾಲ್ಕನಿಯೂ ಆದೀತು. ಕಾರ್ಪೆಟ್ ಹಾಸಿದ ಹಾಲ್‌ನಲ್ಲಿ ಬೇಡ. ಸುಡುವ ಪ್ಲಾಸ್ಟಿಕ್ ಹೊಗೆ ಕುಡಿಯುವಂಥದ್ದಲ್ಲ, ಸ್ಮೋಕ್ ಅಲಾರಾಂ ಬೇರೆ ಕೂಗಿಕೊಳ್ಳುತ್ತದೆ. ಕರಗಿದ ಹನಿ ಚರ್ಮದ ಮೇಲೆ ಬಿದ್ದರೆ ಅಂಟಿಕೊಂಡೇ ಸುಡುತ್ತದೆ. ಉದ್ದ ಪ್ಯಾಂಟು, ಮುಚ್ಚಿದ ಶೂ, ಚರ್ಮದ ಗ್ಲೌಸ್ ಹಾಕಿಕೊಳ್ಳಿ. ಒಂದು ಬಕೆಟ್ ನೀರು ಪಕ್ಕದಲ್ಲಿರಲಿ. ಮಕ್ಕಳು, ನಾಯಿ ಒಳಗೆ.

ಸಿಂಟರ್ಡ್ ಬೇಸ್, ಎಕ್ಸ್‌ಟ್ರೂಡೆಡ್ ಬೇಸ್ ಅಂತಾರಲ್ಲ, ರಿಪೇರಿಯಲ್ಲಿ ಏನು ವ್ಯತ್ಯಾಸ?

ಎಕ್ಸ್‌ಟ್ರೂಡೆಡ್ ಅಂದರೆ ಪ್ಲಾಸ್ಟಿಕ್ ಕರಗಿಸಿ ಹಾಳೆಯಾಗಿ ಎಳೆದದ್ದು. ಅಗ್ಗ, ಸ್ವಲ್ಪ ಮೆತ್ತಗೆ. ಕಡ್ಡಿಯ ಪ್ಲಾಸ್ಟಿಕ್ ಇದಕ್ಕೆ ಚೆನ್ನಾಗಿ ಕೂಡಿಕೊಳ್ಳುತ್ತದೆ. ಸಿಂಟರ್ಡ್ ಅಂದರೆ ಪುಡಿಯನ್ನು ಒತ್ತಡ, ಶಾಖ ಕೊಟ್ಟು ಗಟ್ಟಿ ಮಾಡಿದ್ದು. ಗಟ್ಟಿ, ವೇಗ ಜಾಸ್ತಿ, ವ್ಯಾಕ್ಸ್ ಚೆನ್ನಾಗಿ ಹೀರುತ್ತದೆ. ಆದರೆ ಮನೆಯಲ್ಲಿ ತುಂಬಿದ್ದು ಇದರಷ್ಟು ಗಟ್ಟಿ ಇರುವುದಿಲ್ಲ, ಬೇಗ ಸವೆಯುತ್ತದೆ. ಪ್ರತಿ ಸೀಸನ್ ಒಂದು ಸಲ ಮೇಲೆ ಇನ್ನಷ್ಟು ತುಂಬಬೇಕಾಗಬಹುದು. ಅದಕ್ಕೆ ಬೇಜಾರು ಬೇಡ.

ಕೋರ್ ಶಾಟ್‌ಗೂ ಕಡ್ಡಿಯೇ ಸಾಕಾಗುವುದಿಲ್ವಾ?

ಸಾಕಾಗುವುದಿಲ್ಲ. ಪಾಲಿಎಥಿಲೀನ್ ತನ್ನ ಜಾತಿಯ ಪ್ಲಾಸ್ಟಿಕ್‌ಗಷ್ಟೇ ಬೆಸೆದುಕೊಳ್ಳುತ್ತದೆ. ಮರ, ಫೈಬರ್‌ಗ್ಲಾಸ್, ಎಪಾಕ್ಸಿ, ಉಕ್ಕು ಯಾವುದಕ್ಕೂ ಸರಿಯಾಗಿ ಅಂಟುವುದಿಲ್ಲ. ತುಂಬಿದಾಗ ಚೆನ್ನಾಗೇ ಕಾಣುತ್ತದೆ. ಬೋರ್ಡ್ ಬಾಗಿದಾಗ ಮುಚ್ಚಳದ ಥರ ಕಳಚಿಕೊಂಡು ಬೀಳುತ್ತದೆ, ಅಷ್ಟರಲ್ಲಿ ಅದರಡಿ ನೀರು ಸೇರಿರುತ್ತದೆ.

ಬೆರಳ ಉಗುರಿಗಿಂತ ಸಣ್ಣ ಗುಂಡಿಯಾದರೆ ಮೆಟಲ್ ಗ್ರಿಪ್ ಅನ್ನುವ ಅಂಟು ಗುಣದ ಪ್ಲಾಸ್ಟಿಕ್ ಸಿಗುತ್ತದೆ. ಅದನ್ನು ಬಿಸಿ ಮೊನೆಯ ರಿಪೇರಿ ಐರನ್‌ನಲ್ಲಿ ಕರಗಿಸಿ ತಳಕ್ಕೆ ಒತ್ತಿ, ಅದರ ಮೇಲೆ ಮಾಮೂಲಿ ಪಿ-ಟೆಕ್ಸ್ ಹಾಕಬೇಕು. ಅದಕ್ಕಿಂತ ದೊಡ್ಡದಾದರೆ ತೇಪೆ.

ಇನ್ನೊಂದು ಸೋಮಾರಿ ದಾರಿಯೂ ಇದೆ. ಗುಂಡಿ ಪೂರ್ತಿ ಎಪಾಕ್ಸಿಯನ್ನೇ ತುಂಬಿ ಮಟ್ಟ ಮಾಡಿಬಿಡುವುದು. ಎಪಾಕ್ಸಿ ವ್ಯಾಕ್ಸ್ ಹೀರುವುದಿಲ್ಲ, ಅಷ್ಟು ಜಾಗ ಸ್ವಲ್ಪ ಎಳೆಯುತ್ತದೆ. ಆದರೆ ನೀರು ಒಳಗೆ ಹೋಗುವುದು ನಿಲ್ಲುತ್ತದೆ. ಹಳೆ ಬೋರ್ಡ್‌ಗೆ ನಾನು ಇದನ್ನೇ ಹೇಳುತ್ತೇನೆ.

ತೇಪೆ ಹಾಕುವುದು ಮನೆಯಲ್ಲಿ ಆಗುವ ಕೆಲಸವಾ?

ಕೈಯಲ್ಲಿ ತಾಳ್ಮೆ ಇದ್ದರೆ ಆಗುತ್ತದೆ. ಬೇಸ್ ಹಾಳೆಯ ತುಂಡು ಬೇಕು. ರಿಪೇರಿ ಅಂಗಡಿಯಲ್ಲಿ ಕೇಳಿದರೆ ಚೂರುಪಾರು ಕೊಡುತ್ತಾರೆ. ಒಂದು ಬದಿ ಒರಟಾಗಿರುತ್ತದೆ, ಅದು ಅಂಟಿಗೆಂದು ತಯಾರಿಸಿದ ಬದಿ. ಎರಡೂ ಬದಿ ನುಣುಪಾಗಿದ್ದರೆ ಒಂದನ್ನು ಸ್ಯಾಂಡ್ ಪೇಪರಲ್ಲಿ ಒರಟು ಮಾಡಿ, ಗ್ಯಾಸ್ ಟಾರ್ಚಿನ ಜ್ವಾಲೆಯನ್ನು ಒಂದು ಕ್ಷಣ ಮೇಲೆ ಆಡಿಸಬೇಕು. ಜ್ವಾಲೆ ತಾಗದ ಪಾಲಿಎಥಿಲೀನ್‌ಗೆ ಎಪಾಕ್ಸಿ ಹಿಡಿಯುವುದಿಲ್ಲ. ಕರಗಿಸಬಾರದು, ಸವರಿದ ಹಾಗಿರಬೇಕು.

ತೇಪೆಯನ್ನು ಮೊದಲು ಕತ್ತರಿಸಿ, ಮೂಲೆಗಳು ದುಂಡಗಿರಲಿ. ಚೂಪು ಮೂಲೆ ಹಿಮಕ್ಕೆ ಸಿಕ್ಕಿ ಏಳುತ್ತದೆ. ಅದನ್ನು ಗಾಯದ ಮೇಲಿಟ್ಟು ಸುತ್ತ ಹೊಸ ಬ್ಲೇಡಿನಲ್ಲಿ ಗೆರೆ ಕೊಯ್ಯಿರಿ. ಬೇಸ್‌ನ ದಪ್ಪದಷ್ಟೇ ಬ್ಲೇಡ್ ಇಳಿಯಲಿ, ಕೆಳಗಿನ ಫೈಬರ್‌ಗ್ಲಾಸ್ ತುಂಡಾಗಬಾರದು. ಒಳಗಿನ ಹಳೆ ಬೇಸನ್ನು ಉಳಿಯಿಂದ ಮೆಲ್ಲಗೆ ಎಬ್ಬಿಸಿ. ಎಪಾಕ್ಸಿ ಸವರಿ, ತೇಪೆ ಕೂರಿಸಿ, ಮೇಲೆ ಬೇಕಿಂಗ್ ಪೇಪರ್, ಅದರ ಮೇಲೆ ಚಪ್ಪಟೆ ಮರದ ತುಂಡು. ಗಾಯ ಬೋರ್ಡ್ ನಡುವೆ ಇದ್ದರೆ ಸಣ್ಣ ಕ್ಲಾಂಪ್ ಅಲ್ಲಿಗೆ ಎಟುಕುವುದಿಲ್ಲ. ಆಗ ಬೋರ್ಡ್ ಅಗಲಕ್ಕೆ ಮೇಲೊಂದು ಕೆಳಗೊಂದು ಗಟ್ಟಿ ರೀಪು ಇಟ್ಟು ಎರಡೂ ತುದಿ ಬಿಗಿಯಿರಿ. ಮಾರನೇ ದಿನ ಸ್ಕ್ರೇಪರ್, ಸ್ಯಾಂಡ್ ಪೇಪರ್, ವ್ಯಾಕ್ಸ್.

ಗಾಯ ಎಡ್ಜ್‌ಗೆ ತಾಗಿಕೊಂಡೇ ಇದೆ.

ಅಂಗಡಿಗೆ ಕೊಡಿ. ಒಂದು ಕಡೆ ಉಕ್ಕು, ಅದಕ್ಕೆ ಪ್ಲಾಸ್ಟಿಕ್ ಹಿಡಿಯುವುದಿಲ್ಲ. ತಿರುಗುವಾಗ ನಿಮ್ಮ ಭಾರವೆಲ್ಲ ಬೀಳುವುದೂ ಅಲ್ಲೇ. ಅಂಗಡಿಯವರು ಬಿಸಿ ಗನ್ನಿನಿಂದ ಬೇಸ್ ವೆಲ್ಡ್ ಮಾಡುತ್ತಾರೆ, ಇಲ್ಲವೇ ಎಡ್ಜ್‌ವರೆಗೂ ತೇಪೆ ಕೂರಿಸುತ್ತಾರೆ. ಮನೆಯಲ್ಲೇ ಮಾಡುವ ಹಟ ಇದ್ದರೆ ಎಪಾಕ್ಸಿ ತೇಪೆ ಒಂದೇ ದಾರಿ, ಕಡ್ಡಿ ಹಚ್ಚಬೇಡಿ.

ಫೆವಿಕ್ವಿಕ್, ಗ್ಲೂ ಗನ್, ಎಂ-ಸೀಲ್, ಆರಾಲ್ಡೈಟ್: ಮನೆಯಲ್ಲಿರುವುದನ್ನು ಬಳಸಬಹುದಾ?

ಫೆವಿಕ್ವಿಕ್ ಜಾತಿಯ ಅಂಟು ಗಾಜಿನಂತೆ ಗಟ್ಟಿಯಾಗುತ್ತದೆ, ಬೋರ್ಡ್ ಬಾಗಿದ ಕೂಡಲೇ ಬಿರುಕು. ಗ್ಲೂ ಗನ್ನಿನ ಅಂಟು ಮೆತ್ತಗೆ, ಚಳಿಯಲ್ಲಿ ಬಿಟ್ಟುಕೊಳ್ಳುತ್ತದೆ. ಎಂ-ಸೀಲ್ ಪೈಪಿಗೆ ಸರಿ, ಇಲ್ಲಿ ಬಾಗುವುದಿಲ್ಲ. ಆರಾಲ್ಡೈಟ್ ಎಪಾಕ್ಸಿಯೇ ಆದ್ದರಿಂದ ಟಾಪ್‌ಶೀಟ್ ಚೂರು, ಸಣ್ಣ ಪದರ ಬಿಟ್ಟದ್ದು ಇವಕ್ಕೆ ನಡೆಯುತ್ತದೆ. ನಿಧಾನಕ್ಕೆ ಗಟ್ಟಿಯಾಗುವ ಮಾಮೂಲಿ ಆರಾಲ್ಡೈಟ್ ತಗೊಳ್ಳಿ, ಐದು ನಿಮಿಷದ್ದಲ್ಲ.

ಅಮೆರಿಕದಲ್ಲಿದ್ದರೆ ವೆಸ್ಟ್ ಸಿಸ್ಟಮ್‌ನ ಜಿ-ಫ್ಲೆಕ್ಸ್ ಎಪಾಕ್ಸಿ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದೆ. ದೋಣಿ ಕಟ್ಟುವವರ ಅಂಟು. ಗಟ್ಟಿಯಾದ ಮೇಲೂ ಸ್ವಲ್ಪ ಬಾಗುತ್ತದೆ. ಎರಡು ಬಾಟಲಿಯಿಂದ ಸಮಸಮ ಅಳತೆ. ಕಲಸಿದ ಮೇಲೆ ಸುಮಾರು ಮುಕ್ಕಾಲು ಗಂಟೆ ಸಮಯ ಕೊಡುತ್ತದೆ, ಗಡಿಬಿಡಿ ಇಲ್ಲ.

ಮೂತಿಯ ಹತ್ತಿರ ಪದರ ಬಿಟ್ಟುಕೊಂಡಿದೆ. ಏನು ಮಾಡಲಿ?

ಬಿಟ್ಟದ್ದು ಎಲ್ಲಿಯವರೆಗೆ ಅಂತ ಮೊದಲು ನೋಡಿ. ಬಿಟ್ಟ ಪದರದ ಬಾಯಿಯಲ್ಲಿ ತೆಳು ಪ್ಲಾಸ್ಟಿಕ್ ಕಾರ್ಡ್ ತೂರಿಸಿದರೆ ಎಷ್ಟು ಒಳಗೆ ಹೋಗುತ್ತದೋ ಅಷ್ಟು. ಮೇಲಿನಿಂದ ಬೆರಳಲ್ಲಿ ತಟ್ಟಿದರೂ ತಿಳಿಯುತ್ತದೆ, ಬಿಟ್ಟ ಕಡೆ ಸದ್ದು ಟೊಳ್ಳು. ನಾಲ್ಕೈದು ಇಂಚಿನೊಳಗೆ ಇದ್ದರೆ ಮನೆಯಲ್ಲೇ ಮಾಡಿ.

ಬಾಯಿಯನ್ನು ಸ್ವಲ್ಪ ತೆರೆದು ಎರಡು ಮೂರು ಹಲ್ಲುಕಡ್ಡಿ ತುರುಕಿ. ಹರಿಯುವಷ್ಟು ಅಗಲಿಸಬೇಡಿ. ಒಳಗಿನ ಕೊಳೆಯನ್ನು ಮಡಿಸಿದ ಸ್ಯಾಂಡ್ ಪೇಪರಿನಿಂದ ಕೆರೆದು, ಊದಿ, ಆಲ್ಕೋಹಾಲ್ ಹಾಕಿ ತೊಳೆದು, ರಾತ್ರಿಯಿಡೀ ಹಾಗೇ ತೆರೆದಿಟ್ಟು ಒಣಗಿಸಿ. ಈ ಒಂದು ರಾತ್ರಿ ಕಾಯದಿದ್ದರೆ ಉಳಿದ ಕೆಲಸವೆಲ್ಲ ದಂಡ. ಒದ್ದೆ ಮರಕ್ಕೆ ಎಪಾಕ್ಸಿ ಸರಿಯಾಗಿ ಹಿಡಿಯುವುದಿಲ್ಲ.

ಮಾರನೇ ದಿನ ಸುತ್ತ ಟೇಪ್ ಅಂಟಿಸಿ, ಕೈಗೆ ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ. ಎಪಾಕ್ಸಿ ಪದೇ ಪದೇ ಚರ್ಮಕ್ಕೆ ತಾಗಿದರೆ ಅಲರ್ಜಿ ಬರುತ್ತದೆ, ಬಂದರೆ ಹೋಗುವುದಿಲ್ಲ. ಕಲಸಿದ ಅಂಟನ್ನು ಸೂಜಿಯಿಲ್ಲದ ಸಿರಿಂಜಿನಿಂದಲೋ, ತೆಳು ಚಾಕುವಿನಿಂದಲೋ ಒಳಗೆ ತಳ್ಳಿ. ಬಾಯಿಯನ್ನು ಮೆಲ್ಲಗೆ ಒತ್ತಿ ಬಿಟ್ಟು ಮಾಡಿದರೆ ಅಂಟು ತಾನೇ ಮೂಲೆಗೆ ಎಳೆದುಕೊಳ್ಳುತ್ತದೆ. ಹಲ್ಲುಕಡ್ಡಿ ತೆಗೆದು, ಎರಡೂ ಕಡೆ ಬೇಕಿಂಗ್ ಪೇಪರ್, ಮರದ ತುಂಡು, ಕ್ಲಾಂಪ್. ಮೂತಿ ಬಾಗಿರುವುದರಿಂದ ಚಪ್ಪಟೆ ತುಂಡು ಸರಿಯಾಗಿ ಕೂರುವುದಿಲ್ಲ, ನಡುವೆ ಹಳೆ ಚಪ್ಪಲಿಯ ರಬ್ಬರ್ ತುಂಡು ಇಡಿ. ಬಾಯಿಯುದ್ದಕ್ಕೂ ಅಂಟಿನ ತೆಳು ಗೆರೆ ಹೊರಗೆ ಬರುವಷ್ಟು ಬಿಗಿದರೆ ಸಾಕು. ಜೋರಾಗಿ ಬಿಗಿದರೆ ಇದ್ದ ಅಂಟೆಲ್ಲ ಹೊರಬಂದು ಒಳಗೆ ಬರಿದಾಗುತ್ತದೆ.

ಇಪ್ಪತ್ತನಾಲ್ಕು ಗಂಟೆ ಬಿಡಿ, 20 ಡಿಗ್ರಿಗೂ ಮೇಲಿರುವ ಕೋಣೆಯಲ್ಲಿ. ಡಿಸೆಂಬರ್‌ನ ತಣ್ಣನೆ ಗ್ಯಾರೇಜಿನಲ್ಲಿ ಇಟ್ಟರೆ ಎರಡು ದಿನ ಆದರೂ ಅಂಟಂಟು ಹಾಗೇ ಇರುತ್ತದೆ.

ಸೈಡ್‌ವಾಲ್ ಬಿರುಕು, ಟಾಪ್‌ಶೀಟ್ ಚೂರು ಏಳುವುದು?

ಟಾಪ್‌ಶೀಟ್ ಅಂಚು ಚೂರಾಗುವುದು ತೀರಾ ಮಾಮೂಲಿ. ಲಿಫ್ಟ್ ಲೈನಿನಲ್ಲಿ ಹಿಂದಿನವರ ಬೋರ್ಡ್ ನಿಮ್ಮದರ ಮೇಲೆ ಹತ್ತಿದರೆ ಸಾಕು. ಎದ್ದ ಚೂರನ್ನು ಕೊಯ್ದು, ಸ್ಯಾಂಡ್ ಪೇಪರಲ್ಲಿ ಇಳಿಜಾರು ಮಾಡಿ, ಮೇಲೆ ತೆಳ್ಳಗೆ ಎಪಾಕ್ಸಿ ಸವರಿ. ಫೈಬರ್‌ಗ್ಲಾಸ್ ಉಜ್ಜುವಾಗ ಮಾಸ್ಕ್ ಇರಲಿ, ಆ ಪುಡಿ ಗಂಟಲಿಗೂ ಚರ್ಮಕ್ಕೂ ತುರಿಕೆ. ಸೈಡ್‌ವಾಲ್ ಕೂದಲಿನಂಥ ಬಿರುಕು ಬಿಟ್ಟಿದ್ದರೆ ಒಳಗೆ ಎಪಾಕ್ಸಿ ಇಳಿಸಿ ಬಿಗಿದಿಡಿ. ಬಿರುಕಿನ ಜೊತೆ ಎಡ್ಜೂ ಹೊರಗೆ ಬಂದಿದ್ದರೆ ಅದು ಬರೀ ಸೈಡ್‌ವಾಲ್ ಸಮಸ್ಯೆ ಅಲ್ಲ.

ಎಡ್ಜ್ ಕಲ್ಲಿಗೆ ಬಡಿದ ಜಾಗದಲ್ಲಿ ಫೈಲ್ (ಅರ) ಜಾರುತ್ತದೆ, ಹಿಡಿಯುವುದೇ ಇಲ್ಲ. ಯಾಕೆ?

ಬಡಿದ ರಭಸಕ್ಕೆ ಆ ಚುಕ್ಕೆಯಷ್ಟು ಉಕ್ಕು ಗಡಸಾಗಿದೆ, ಈಗ ನಿಮ್ಮ ಫೈಲಿಗಿಂತಲೂ ಗಟ್ಟಿ. ಒತ್ತಿ ಉಜ್ಜಿದರೆ ಫೈಲಿನ ಹಲ್ಲು ಹೋಗುತ್ತದೆ. ಡೈಮಂಡ್ ಸ್ಟೋನ್ ಒದ್ದೆ ಮಾಡಿಕೊಂಡು ಮೊದಲು ಅದನ್ನಷ್ಟೇ ಉಜ್ಜಿ, ಮುಳ್ಳಿನಂತೆ ಎದ್ದ ಚೂಪು ಇಳಿಯಲಿ. ಬೆರಳು ಓಡಿಸಿ ನೋಡಬೇಡಿ, ಕೊಯ್ಯುತ್ತದೆ. ಹತ್ತಿ ಉಂಡೆ ಓಡಿಸಿ. ಎಳೆ ಸಿಕ್ಕಿಕೊಂಡ ಕಡೆ ಇನ್ನೂ ಮುಳ್ಳಿದೆ.

ತುಕ್ಕಿಗೆ ರಬ್ಬರಿನಂಥ ಗಮ್ಮಿ ಸ್ಟೋನ್ ಸಾಕು.

ಎಡ್ಜ್ ಯಾವ ಕೋನಕ್ಕೆ ಸಾಣೆ ಹಿಡಿಯಬೇಕು?

ಬೇಸ್ ಕಡೆಯಿಂದ 1 ಡಿಗ್ರಿ, ಪಕ್ಕದಿಂದ 1 ಅಥವಾ 2 ಡಿಗ್ರಿ ಇರುವುದು ರೂಢಿ. ನಿಮ್ಮ ಬೋರ್ಡ್‌ದು ಎಷ್ಟು ಅಂತ ಹೀಗೆ ನೋಡಿ. ಎಡ್ಜ್ ಮೇಲೆ ಮಾರ್ಕರ್ ಪೆನ್ನಿನಲ್ಲಿ ಕಪ್ಪಗೆ ಬಳಿಯಿರಿ. ಕೋನ ಹಿಡಿದಿಡುವ ಗೈಡ್‌ನಲ್ಲಿ ಫೈಲ್ ಹಾಕಿ ಒಂದೇ ಸಲ ಹಗುರಕ್ಕೆ ಎಳೆಯಿರಿ. ಕಪ್ಪೆಲ್ಲ ಸಮವಾಗಿ ಹೋದರೆ ಕೋನ ಸರಿ. ಮೇಲೋ ಕೆಳಗೋ ಗೆರೆ ಉಳಿದರೆ ಗೈಡ್ ಬದಲಿಸಿ.

ಪಕ್ಕದ ಕೋನವನ್ನು ಮನೆಯಲ್ಲಿ ಎಷ್ಟು ಸಲ ಬೇಕಾದರೂ ಸಾಣೆ ಹಿಡಿಯಿರಿ. ಬೇಸ್ ಕಡೆಯದನ್ನು ಮುಟ್ಟದಿದ್ದರೆ ಒಳ್ಳೆಯದು. ಅಲ್ಲಿ ಒಮ್ಮೆ ಜಾಸ್ತಿ ತೆಗೆದರೆ, ಅಂಗಡಿಯಲ್ಲಿ ಬೇಸ್ ಪೂರ್ತಿ ಗ್ರೈಂಡ್ ಮಾಡಿಸದೆ ವಾಪಸ್ ಬರುವುದಿಲ್ಲ. 1965ರಲ್ಲಿ ಮಿಷಿಗನ್‌ನ ಮಸ್ಕೀಗನ್‌ನಲ್ಲಿ ಶೆರ್ಮನ್ ಪಾಪನ್ ಮಾಡಿದ, ಸ್ನೋಬೋರ್ಡ್‌ನ ಪೂರ್ವಜ ಸ್ನರ್ಫರ್‌ಗೆ ಉಕ್ಕಿನ ಎಡ್ಜೂ ಇರಲಿಲ್ಲ, ಶೂವನ್ನು ಬೋರ್ಡಿಗೆ ಬಿಗಿಯುವ ಬೈಂಡಿಂಗೂ ಇರಲಿಲ್ಲ. ಮೂತಿಗೆ ಕಟ್ಟಿದ ಹಗ್ಗ ಹಿಡಿದು ಜಾರುವುದು. ಆಗ ಈ ತಲೆನೋವೇ ಇರಲಿಲ್ಲ, ಗಟ್ಟಿ ಹಿಮದಲ್ಲಿ ಹಿಡಿತವೂ ಇರಲಿಲ್ಲ ಅನ್ನಿ.

ಎಡ್ಜ್ ಬಾಗಿದೆ ಅಥವಾ ತುಂಡಾಗಿದೆ.

ಸ್ವಲ್ಪ ಒಳಗೆ ಬಾಗಿದ್ದರೆ ಕೆಳಗೆ ಉಕ್ಕಿನ ತುಂಡು ಆಸರೆ ಕೊಟ್ಟು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಹಿಂದೆ ಎಪಾಕ್ಸಿ ತುಂಬಿ ಬಿಗಿಯಿರಿ. ಕೂದಲೆಳೆ ಬಿರುಕಿದ್ದು ಎಡ್ಜ್ ಜಾಗದಲ್ಲೇ ಕೂತಿದ್ದರೆ ಮುಳ್ಳು ತೆಗೆದು ಹಾಗೇ ಓಡಿಸಬಹುದು, ಆಗಾಗ ನೋಡುತ್ತಿರಿ. ತುಂಡಾಗಿ ಹೊರಗೆ ಚಾಚಿದ್ದರೆ ಓಡಿಸಬೇಡಿ. ಅದು ಹಿಮಕ್ಕೋ ಲಿಫ್ಟಿಗೋ ಸಿಕ್ಕಿಕೊಳ್ಳುತ್ತದೆ, ಪಕ್ಕದವರ ಕಾಲನ್ನೂ ಕೊಯ್ಯುತ್ತದೆ. ಹೊಸ ಉಕ್ಕಿನ ತುಂಡು ಕೂರಿಸುವುದು ಅಂಗಡಿಯ ಕೆಲಸ.

ಬೈಂಡಿಂಗ್ ಸ್ಕ್ರೂ ತಿರುಗುತ್ತಲೇ ಇದೆ, ಬಿಗಿಯಾಗುತ್ತಿಲ್ಲ.

ಮೊದಲು ಹೊಸ ಸ್ಕ್ರೂ ಹಾಕಿ ನೋಡಿ, ಎಷ್ಟೋ ಸಲ ಸವೆದದ್ದು ಸ್ಕ್ರೂ. ಬೋರ್ಡ್ ಒಳಗಿನ ಇನ್ಸರ್ಟ್ (ಸ್ಕ್ರೂ ಕೂರುವ ಲೋಹದ ತೂತು) ಎಂ6 ಅಳತೆಯದು. ಅದರ ಮರೆ (ಥ್ರೆಡ್) ಸ್ವಲ್ಪ ಕೆಟ್ಟಿದ್ದರೆ ಮರೆ ಕೊರೆಯುವ ಎಂ6 ಟ್ಯಾಪ್ ಹಾಕಿ ಸರಿ ಮಾಡಬಹುದು. ಇನ್ಸರ್ಟೇ ಸ್ಕ್ರೂ ಜೊತೆ ತಿರುಗುತ್ತಿದ್ದರೆ, ಮೇಲೆ ಎದ್ದಿದ್ದರೆ, ಅಲ್ಲಿಗೆ ನಿಲ್ಲಿಸಿ. ಎಪಾಕ್ಸಿ ತುಂಬಿ ಇದಕ್ಕೆ ಧೈರ್ಯ ಮಾಡಬೇಡಿ. ಓಡುತ್ತಿರುವಾಗ ಒಂದು ಕಾಲು ಬೋರ್ಡ್ ಬಿಟ್ಟು, ಇನ್ನೊಂದು ಅದರಲ್ಲೇ ಸಿಕ್ಕಿಕೊಂಡರೆ ಮಂಡಿಯ ಗತಿ ಏನು ಅಂತ ಯೋಚಿಸಿ.

ಸ್ಕ್ರೂ ಸಡಿಲವಾಗದಿರಲಿ ಅಂತ ಥ್ರೆಡ್‌ಲಾಕರ್ ದ್ರವ ಹಾಕುವುದೂ ಬೇಡ. ಕೆಲವು ಜಾತಿಯವು ಬೈಂಡಿಂಗ್‌ನ ಪ್ಲಾಸ್ಟಿಕ್ಕನ್ನು ಬಿರುಸು ಮಾಡಿ ಸೀಳಿಸುತ್ತವೆ.

ಬೋರ್ಡಿನ ಅಡ್ಡಕ್ಕೆ ಮಡಿಕೆ ಬಿದ್ದ ಗೆರೆ ಇದೆ.

ಒಳಗೆ ಮರ ಮುರಿದಿದೆ. ಆ ಜಾಗದಲ್ಲಿ ಒತ್ತಿ ನೋಡಿದರೆ ಉಳಿದ ಕಡೆಗಿಂತ ಮೆತ್ತಗೆ ಬಾಗುತ್ತದೆ. ಇದಕ್ಕೆ ರಿಪೇರಿ ಇಲ್ಲ. ಬೈಂಡಿಂಗ್ ಬಿಚ್ಚಿಕೊಳ್ಳಿ, ಅದು ಮುಂದಿನ ಬೋರ್ಡಿಗೆ ಆಗುತ್ತದೆ.

ವ್ಯಾಕ್ಸ್‌ಗೆ ಮನೆಯ ಇಸ್ತ್ರಿಪೆಟ್ಟಿಗೆ ಆಗುತ್ತದಾ?

ಹಳೆಯದೊಂದು ಇದ್ದರೆ ಆಗುತ್ತದೆ, ಆಮೇಲೆ ಅದು ಬಟ್ಟೆಗೆ ಬರುವುದಿಲ್ಲ. ಸ್ಟೀಮ್ ತೂತಿಲ್ಲದ ಚಪ್ಪಟೆ ತಳದ್ದಾದರೆ ಇನ್ನೂ ಒಳ್ಳೆಯದು. ತೊಂದರೆ ಏನೆಂದರೆ ಇಸ್ತ್ರಿಪೆಟ್ಟಿಗೆಯ ಬಿಸಿ ಒಂದೇ ಸಮ ಇರುವುದಿಲ್ಲ, ಏರಿಳಿಯುತ್ತದೆ. ಎಲ್ಲ ಹವೆಗೂ ಆಗುವ ವ್ಯಾಕ್ಸ್‌ಗೆ 120ರಿಂದ 140 ಡಿಗ್ರಿ ಸೆಲ್ಸಿಯಸ್ ಬೇಕು. ಬೇಸ್‌ನ ಪ್ಲಾಸ್ಟಿಕ್ ಕರಗುವುದೂ 130ರ ಆಸುಪಾಸಿನಲ್ಲೇ. ಅಂದರೆ ಒಂದೇ ಕಡೆ ಇಟ್ಟರೆ ಸುಡುತ್ತದೆ. ಕಡಿಮೆ ಬಿಸಿಯಲ್ಲಿ ಶುರು ಮಾಡಿ. ವ್ಯಾಕ್ಸ್‌ನಿಂದ ಹೊಗೆ ಬಂದರೆ ಬಿಸಿ ಜಾಸ್ತಿ.

ಮೊದಲು ಬೈಂಡಿಂಗ್ ಸ್ಕ್ರೂ ಸಡಿಲಿಸಿ, ಇಲ್ಲದಿದ್ದರೆ ಬಿಸಿಗೆ ಬೇಸ್‌ನಲ್ಲಿ ಸಣ್ಣ ಕುಳಿ ಬೀಳುತ್ತದೆ. ಹನಿ ಹಾಕಿ, ಐರನ್ ನಿಲ್ಲಿಸದೆ ಹರಡಿ. ಟಾಪ್‌ಶೀಟ್ ಮುಟ್ಟಿ ನೋಡಿ, ಬೆಚ್ಚಗಾಯಿತು ಅಂದರೆ ಸಾಕು. ಅರ್ಧ ಗಂಟೆ ಆರಿದ ಮೇಲೆ ಪ್ಲಾಸ್ಟಿಕ್ ಸ್ಕ್ರೇಪರ್‌ನಿಂದ ಕೆರೆದು ನೈಲಾನ್ ಬ್ರಷ್ ಹೊಡೆಯಿರಿ. ರಿಪೇರಿ ಆದ ಬೇಸ್‌ಗೆ ಇದನ್ನು ತಪ್ಪಿಸುವಂತಿಲ್ಲ, ಉಜ್ಜಿದ ಜಾಗ ಬೆಳ್ಳಗೆ ಒಣಗಿ ನಿಂತಿರುತ್ತದೆ.

ಫ್ಲೋರಿನ್ ಬೆರೆತ ಹಳೆಯ ಫ್ಲೋರೋ ವ್ಯಾಕ್ಸ್ ಮನೆಯಲ್ಲಿ ಉಳಿದಿದೆ. ಬಳಸಲೇ?

ಬೇಡ. ಪರಿಸರದಲ್ಲಿ ಕೊಳೆಯದೆ ಉಳಿಯುವ ರಾಸಾಯನಿಕಗಳು ಅವು, ಬಿಸಿ ಮಾಡಿದಾಗ ಬರುವ ಆವಿ ಒಳ್ಳೆಯದಲ್ಲ. ಅಂತರರಾಷ್ಟ್ರೀಯ ಸ್ಕೀ ಫೆಡರೇಷನ್ 2023–24ರ ಸೀಸನ್‌ನಿಂದ ಅದನ್ನು ತನ್ನ ಪಂದ್ಯಗಳಲ್ಲಿ ಪೂರ್ತಿ ನಿಷೇಧಿಸಿದೆ. ವಾರಾಂತ್ಯಕ್ಕೆ ಜಾರುವ ನಮಗೆ ಅದರ ಅಗತ್ಯ ಯಾವತ್ತೂ ಇರಲಿಲ್ಲ.

ಗುಲ್ಮಾರ್ಗ್‌ಗೆ ಹೋಗುವಾಗ ಏನು ಜೊತೆಗಿಟ್ಟುಕೊಳ್ಳಲಿ?

ಗೊಂಡೋಲಾ ರೋಪ್‌ವೇಯ ಎರಡನೇ ಹಂತ ಅಫರ್ವತ್ ಬೆಟ್ಟದಲ್ಲಿ 3,900 ಮೀಟರ್‌ಗೂ ಮೇಲಕ್ಕೆ ಒಯ್ಯುತ್ತದೆ. ಅಲ್ಲಿ ಗಾಳಿ ಹಿಮವನ್ನು ಹೊಡೆದುಕೊಂಡು ಹೋದ ಕಡೆ ಕಲ್ಲು ಮೇಲೇ ಇರುತ್ತದೆ. ಎರಡು ಪಿ-ಟೆಕ್ಸ್ ಕಡ್ಡಿ, ಉಕ್ಕಿನ ಸ್ಕ್ರೇಪರ್, ಸಣ್ಣ ಡೈಮಂಡ್ ಸ್ಟೋನ್, ಸ್ಕ್ರೂಡ್ರೈವರ್, ನಾಲ್ಕು ಹೆಚ್ಚುವರಿ ಸ್ಕ್ರೂ, ಒಂದು ಸುತ್ತು ಗಟ್ಟಿ ಟೇಪ್. ಎಲ್ಲ ಚೆಕ್-ಇನ್ ಬ್ಯಾಗಿನಲ್ಲಿ. ಲೈಟರ್, ಬೆಂಕಿಪೊಟ್ಟಣ, ಬ್ಯೂಟೇನ್ ಟಾರ್ಚ್ ವಿಮಾನಕ್ಕೆ ಬಿಡುವುದಿಲ್ಲ, ಅಲ್ಲೇ ಕೊಳ್ಳಿ.

ಮಧ್ಯಾಹ್ನ ಕೋರ್ ಶಾಟ್ ಆದರೆ ಒಣ ಬಟ್ಟೆಯಲ್ಲಿ ಒರೆಸಿ, ಕೈಯಲ್ಲೇ ಬೆಚ್ಚಗೆ ಮಾಡಿ, ಟೇಪ್ ಒತ್ತಿ ಅಂಟಿಸಿ. ಕೆಳಗೆ ಇಳಿಯುವಷ್ಟು ಹೊತ್ತು ನಿಂತರೂ ಸಾಕು.

ವಾರಂಟಿ ಇದೆ. ಆದರೂ ನಾನೇ ಮಾಡಲೇ?

ಏಟೇ ಬೀಳದೆ ಪದರ ಬಿಟ್ಟಿದ್ದರೆ ಮುಟ್ಟಬೇಡಿ. ಅದು ತಯಾರಿಕೆಯ ದೋಷ ಇರಬಹುದು. ಫೋಟೋ ತೆಗೆದು ಬಿಲ್ ಜೊತೆ ಕಂಪನಿಗೆ ಕಳಿಸಿ. ನೀವು ಒಮ್ಮೆ ಎಪಾಕ್ಸಿ ಹಾಕಿದ ಮೇಲೆ ಅವರು ಒಪ್ಪುವುದು ಕಷ್ಟ. ಕಲ್ಲಿನ ಗಾಯಕ್ಕೆ ಯಾವ ವಾರಂಟಿಯೂ ಇಲ್ಲ. ಬಾಡಿಗೆ ಬೋರ್ಡ್ ಆಗಿದ್ದರೆ ನೀವು ಸರಿ ಮಾಡಲು ಹೋಗಬೇಡಿ, ಹೇಳಿ ಕೊಟ್ಟುಬಿಡಿ.

ಸೀಸನ್ ಮುಗಿದ ಮೇಲೆ ಹೇಗೆ ಇಡಬೇಕು?

ರಿಪೇರಿಗೆ ಒಳ್ಳೆ ಕಾಲ ಏಪ್ರಿಲ್, ಮೇ. ಗ್ಯಾರೇಜ್ ಬೆಚ್ಚಗಿರುತ್ತದೆ, ಎಪಾಕ್ಸಿ ಚೆನ್ನಾಗಿ ಗಟ್ಟಿಯಾಗುತ್ತದೆ, ಮುಂದಿನ ಶನಿವಾರದ ಅವಸರ ಇಲ್ಲ. ಗಾಯಗಳನ್ನೆಲ್ಲ ತುಂಬಿ, ಎಡ್ಜ್‌ನ ತುಕ್ಕು ತೆಗೆದು, ಬೈಂಡಿಂಗ್ ಬಿಚ್ಚಿಡಿ. ಬೇಸ್ ಮೇಲೆ ದಪ್ಪಕ್ಕೆ ವ್ಯಾಕ್ಸ್ ಹಾಕಿ, ಎಡ್ಜ್ ಮೇಲೂ ಹರಿಯಲಿ. ಕೆರೆಯಬೇಡಿ, ಹಾಗೇ ಬಿಡಿ, ಅದನ್ನು ಡಿಸೆಂಬರ್‌ನಲ್ಲಿ ಕೆರೆದರಾಯಿತು. ಬಿಸಿಲು ಬೀಳದ, ಒದ್ದೆಯಿಲ್ಲದ ಕಡೆ ನಿಲ್ಲಿಸಿ. ಸಿಮೆಂಟ್ ನೆಲದ ಮೇಲೆ ನೇರ ಬೇಡ, ಬಾಲದ ಕೆಳಗೊಂದು ಮರದ ತುಂಡು ಇಡಿ.